ಪಹಣಿ ಓದುವ ಪೊಲೀಸರು

ಲೋಕಾಯುಕ್ತ ದಾಳಿ ಎಂದರೆ ಟಿವಿಯಲ್ಲಿ ಕಾಣುವುದು ಮಂಚದ ಮೇಲೆ ಹರವಿದ ನೋಟು, ಬಂಗಾರ. ನನ್ನ ಮೆಚ್ಚುಗೆ ಕ್ಯಾಮೆರಾ ಹೋದ ಮೇಲಿನ ಕೆಲಸಕ್ಕೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಸೀಮೆಯಲ್ಲಿ ಅಕ್ರಮ ಆಸ್ತಿಗೆ ಸುಲಭವಾಗಿ ಬಾಯಿಗೆ ಬರುವ ಸಮಜಾಯಿಷಿ: ‘ಹೊಲದ ದುಡ್ಡು ರೀ ಸಾಹೇಬ್ರ.’ ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯೂ ಇಲ್ಲವಲ್ಲ! ಒಳ್ಳೆಯ ತನಿಖಾಧಿಕಾರಿ ವಾದಕ್ಕಿಳಿಯುವುದಿಲ್ಲ, ಪಹಣಿ ತೆಗೆಸುತ್ತಾರೆ. ಬೆಳೆ ಕಾಲಂನಲ್ಲಿ ಭತ್ತವಿದೆಯೋ ತೊಗರಿಯೋ? ನೀರಾವರಿಯೋ ಖುಷ್ಕಿಯೋ? ಸಿಂಧನೂರಿನ ಎಡದಂಡೆ ಕಾಲುವೆ ಗದ್ದೆಯ ಇಳುವರಿಯನ್ನು ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹೊಲಕ್ಕೆ ಹಚ್ಚಲು ಬರುವುದಿಲ್ಲ. ಎರಡು ಬೆಳೆ ತೆಗೆದೆವು ಎಂದರೆ, ಯಾವ ವರ್ಷ? 2023-24ರಲ್ಲಿ ತುಂಗಭದ್ರಾ ಜಲಾಶಯದಿಂದ ಎರಡನೇ ಬೆಳೆಗೆ ನೀರೇ ಬಿಡಲಿಲ್ಲ. ಆಮೇಲೆ ಅಡತಿ ಅಂಗಡಿಯ ಪಟ್ಟಿ, ಬ್ಯಾಂಕ್ ಜಮೆ, ಗೊಬ್ಬರ, ಕೂಲಿ ಎಲ್ಲ ತಾಳೆಯಾಗಬೇಕು.

ಇನ್ನು ಸೈಟು ಆರೋಪಿಯ ಮಾವನ ಹೆಸರಿನಲ್ಲಿರಬಹುದು. ಅದು ಮಾವನಿಗೇ ಗೊತ್ತಿಲ್ಲದಿರಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ ಹಿಡಿದು, ಹಣ ಹೊರಟ ಖಾತೆಯವರೆಗೆ ಹಿಂದಕ್ಕೆ ಹೋಗಬೇಕು.

ಈ ಲೆಕ್ಕದಲ್ಲಿ ಆತುರ ಸಲ್ಲದು. ಕೃಷ್ಣಾನಂದ ಎಂಬವರ ಮೇಲಿನ ಅಕ್ರಮ ಆಸ್ತಿ ಪ್ರಕರಣದಲ್ಲಿ ಹೆಚ್ಚುವರಿ ಆಸ್ತಿ ಆದಾಯದ ಶೇ 10ಕ್ಕಿಂತ ಕಡಿಮೆಯಿದ್ದುದರಿಂದ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಟ್ಟಿತು. ಹಾಗಾಗಿ ನಾಲ್ಕು ಎಕರೆಯ ಭತ್ತವನ್ನು ಆದಾಯದಿಂದ ತಪ್ಪಾಗಿ ಕಳೆದರೂ ಕೇಸು ಕುಸಿಯಬಹುದು, ನಿಜವಾದ ರೈತನಿಗೆ ಅನ್ಯಾಯವೂ ಆಗಬಹುದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಕಲಮು ಆಸ್ತಿ ಜಪ್ತಿ, ಮುಟ್ಟುಗೋಲಿಗೆ ದಾರಿ ತೋರಿಸುತ್ತದೆ ನಿಜ. ಆದರೆ ನ್ಯಾಯಾಧೀಶರ ಮುಂದೆ ನಿಲ್ಲಬೇಕಾದದ್ದು ಆ ಪಹಣಿ, ಆ ಪಟ್ಟಿಗಳೇ.