ಹೆಸರೇ ಪಲ್ಲವಿಯಾದಾಗ

ಘೋಷಣೆಯೂ ಒಂದು ಪದವೇ. ಕಾಗದದ ಮೇಲೆ ನೋಡಿದರೆ ಎರಡೋ ಮೂರೋ ಮಾತು ಇರತಾವ. ಆದರೆ ನೂರು ಮಂದಿ ಬಾಯಿಗೆ ಬಂತಂದ್ರ ಅದಕ್ಕೂ ದಾಟಿ, ತಾಳ, ಹಿಮ್ಮೇಳ ಎಲ್ಲಾ ಹುಟ್ಟತಾವ. ಅಮೇರಿಕಾದ ಕಪ್ಪು ಜನ ಪೊಲೀಸರ ಕೈಯಾಗ ಸತ್ತ ತಮ್ಮವರ ಸಲುವಾಗಿ ಕೂಗುವ ಘೋಷಣೆಗಳನ್ನು ನಾನು ಹಾಡಿಕೆಯವನ ಕಿವಿಯಿಂದ ಕೇಳೇನಿ. ಇಂಗ್ಲಿಷ್ ನನಗೆ ಬರೂದಿಲ್ಲ, ಅರ್ಥ ಹೇಳಿದವರು ನಮ್ಮೂರ ಮಾಸ್ತರು. ಪದ ಗಟ್ಟಿ ಐತೋ ಜೊಳ್ಳೋ ಅಂತ ತೂರಿ ನೋಡೂದು ಮಾತ್ರ ನನ್ನ ಕೆಲಸ.

ಮೊದಲನೇದು, ‘ಉಸುರಾಡಾಕ ಆಗವಲ್ದು’. ಇದನ್ನು ಯಾವ ಕವಿಯೂ ಕಟ್ಟಿದ್ದಲ್ಲ. 2014ರ ಜುಲೈ 17ರಂದು ನ್ಯೂಯಾರ್ಕ್‌ನಲ್ಲಿ ಬಿಡಿ ಸಿಗರೇಟು ಮಾರುತ್ತಾನೆಂಬ ಆರೋಪದ ಮೇಲೆ ಎರಿಕ್ ಗಾರ್ನರ್ ಎಂಬಾತನನ್ನು ಪೊಲೀಸರು ಕುತ್ತಿಗೆ ಹಿಡಿದು ಕೆಡವಿದರು. ಆತ ಈ ಮಾತನ್ನು 11 ಸಲ ಹೇಳಿ ಸತ್ತ. 2020ರ ಮೇ 25ರಂದು ಮಿನಿಯಾಪೊಲಿಸ್ ಊರಾಗ ಜಾರ್ಜ್ ಫ್ಲಾಯ್ಡ್ ಅವನ ಕುತ್ತಿಗೆ ಮೇಲೆ ಒಬ್ಬ ಪೊಲೀಸ 9 ನಿಮಿಷಕ್ಕಿಂತ ಹೆಚ್ಚು ಹೊತ್ತು ಮೊಣಕಾಲು ಊರಿದಾಗ ಅವನ ಬಾಯಾಗೂ ಇದೇ ಮಾತು ಬಂತು.

ಈ ಘೋಷಣೆ ಯಾಕ ಎದಿಗೆ ನಾಟತೈತಿ? ಕೂಗುವವರು ‘ಅವನಿಗೆ ಉಸಿರಾಡಲು ಬಿಡಲಿಲ್ಲ’ ಅನ್ನೂದಿಲ್ಲ, ‘ನನಗ ಆಗವಲ್ದು’ ಅಂತಾರ. ಬದುಕಿದವರು ಸತ್ತವನಿಗೆ ತಮ್ಮ ಬಾಯಿ ಕೊಡತಾರ. ಮೊಹರಮ್‌ದಾಗ ರಿವಾಯತ್ ಪದ ಹಾಡುವವರಿಗೆ ಇದು ಗೊತ್ತು. ಕರ್ಬಲದ ನೀರಡಿಕೆ ಹಾಡುವವನ ಗಂಟಲಿಗೇ ಬರಬೇಕು, ಆಗ ಕೇಳುವವರ ಕಣ್ಣು ತೇವ ಆಗತಾವ. ಇದನ್ನೇ ಪುಸ್ತಕದ ಕನ್ನಡದಾಗ ‘ನನಗೆ ಉಸಿರಾಡಲು ಸಾಧ್ಯವಾಗುತ್ತಿಲ್ಲ’ ಅಂತ ಬರೆದರೆ ಪದ ಕೆಟ್ಟಿತು. ಉಸಿರು ಕಟ್ಟಿದವ ಅಷ್ಟು ಉದ್ದ ಮಾತಾಡ್ತಾನೇನು?

ಎರಡನೇದು, ‘ಕೈ ಎತ್ತೇನಿ, ಗುಂಡು ಹೊಡೀಬ್ಯಾಡ್ರಿ’. 2014ರ ಆಗಸ್ಟ್ 9ರಂದು ಫರ್ಗ್ಯುಸನ್ ಊರಾಗ ಪೊಲೀಸನ ಗುಂಡಿಗೆ 18 ವರ್ಷದ ಮೈಕೆಲ್ ಬ್ರೌನ್ ಸತ್ತ ಮೇಲೆ ಎದ್ದ ಕೂಗು ಇದು. ಆಟದ ದೃಷ್ಟಿಯಿಂದ ಭಾಳ ಚೊಲೋ ಐತಿ. ಎರಡೂ ಕೈ ಎತ್ತಿ ಕೂಗಿದರೆ ಮೈಯೇ ಹಾಡತೈತಿ. ಆದರೆ ಇದರಾಗ ಒಂದು ಹುಳುಕು ಉಳಿದೈತಿ. 2015ರ ಮಾರ್ಚ್‌ದಲ್ಲಿ ಅಮೇರಿಕಾ ಸರಕಾರದ ನ್ಯಾಯ ಇಲಾಖೆ ತನಿಖೆ ಮುಗಿಸಿ, ಅವನು ಶರಣಾಗಿ ಕೈ ಎತ್ತಿದ್ದ ಅನ್ನುವ ಸಾಕ್ಷಿಗಳು ನೆಚ್ಚುವಂಥವಲ್ಲ ಅಂತು. ಅದೇ ಇಲಾಖೆ ಅದೇ ತಿಂಗಳು ಕೊಟ್ಟ ಇನ್ನೊಂದು ವರದಿಯಲ್ಲಿ, ಆ ಊರಿನ ಪೊಲೀಸರು ಕಪ್ಪು ಜನರನ್ನು ಕಾನೂನು ಮೀರಿ ಕಾಡಿದ್ದು ಖರೆ ಅಂತಲೂ ಹೇಳಿತು.

‘ಇದು ಅವನೊಬ್ಬನ ಮಾತಲ್ಲ, ಹೆದರಿ ಬದುಕುವ ಎಲ್ಲರ ಬೇಡಿಕೆ’ ಅಂತ ಕೆಲವರು ವಾದ ಮಾಡತಾರ. ಆಗಲಿ, ಒಪ್ಪತೀನಿ. ಆದರೆ ಆ ಹುಡುಗನ ಹೆಸರಿಗೇ ಈ ಸಾಲು ಕಟ್ಟಬಾರದಿತ್ತು. ಎರಡನೇ ವರದಿಯ ಖರೆ ಮಾತೇ ಒಂದು ಪದಕ್ಕ ಸಾಕಿತ್ತು. ಸವಾಲ್-ಜವಾಬ್ ಹಾಡಿದವರಿಗೆ ಗೊತ್ತಿರತೈತಿ, ನೂರು ಖರೆ ಮಾತಿನ ನಡುವೆ ಒಂದು ಸಂಶಯದ ಮಾತು ಇದ್ದರೆ ಎದುರಿನ ಮೇಳ ಆ ಒಂದನ್ನೇ ಹಿಡಿದು ಎಳೀತೈತಿ. ಆಗ ಸೋಲು ನಮಗಲ್ಲ, ಸತ್ತವನಿಗೆ.

ಮೂರನೇದು, ‘ಆಕಿ ಹೆಸರು ಹೇಳ್ರಿ’. ಸತ್ತ ಗಂಡಸರ ಹೆಸರು ಎಲ್ಲರ ಬಾಯಾಗ ಇದ್ದಾವ, ಹೆಣ್ಣುಮಕ್ಕಳ ಹೆಸರು ಯಾರಿಗೂ ಗೊತ್ತಿಲ್ಲ ಅಂತ ಕಿಂಬರ್ಲೆ ಕ್ರೆನ್‌ಶಾ ಎಂಬ ಕಾನೂನು ಪಂಡಿತೆ ಮತ್ತು ಆಕೆಯ ಸಂಗಡಿಗರು 2014ರ ಕೊನೆಗೆ ಇದನ್ನು ಶುರುಮಾಡಿದರು. ಒಬ್ಬರು ‘ಹೆಸರು ಹೇಳ್ರಿ’ ಅಂತಾರ, ಉಳಿದವರು ‘ಬ್ರಿಯೋನಾ ಟೇಲರ್’ ಅಂತಾರ. ನಮ್ಮ ಗೀಗೀ ಮೇಳದ ರೀತಿಯೇ ಇದು. ಆದರೆ ನಮ್ಮ ಹಿಮ್ಮೇಳದ ‘ಗೀ ಗೀ’ಗೆ ಅರ್ಥ ಇಲ್ಲ, ಅಲ್ಲಿ ಹಿಮ್ಮೇಳದ ಬಾಯಾಗೇ ಅರ್ಥ ಎಲ್ಲಾ ಐತಿ. ನಮ್ಮ ಪದದ ಕೊನೇ ನುಡಿಯಾಗ ಪದ ಕಟ್ಟಿದವನ ಹೆಸರು, ಊರು ಬರತಾವ. ಇಲ್ಲಿ ಆ ಅಂಕಿತದ ಜಾಗವನ್ನು ಸತ್ತವರಿಗೆ ಬಿಟ್ಟುಕೊಟ್ಟಾರ. ಇದು ಸಣ್ಣ ಮಾತಲ್ಲ. ಈ ಮೂರರಾಗ ನನಗೆ ಇದೇ ದೊಡ್ಡ ಪದ ಅನಸತೈತಿ. ಜನೆಲ್ ಮೊನೇ ಎಂಬ ಹಾಡುಗಾರ್ತಿ 2015ರಾಗ ಇಂಥ ಹೆಸರುಗಳನ್ನೇ ಡೋಲಿನ ಬಡಿತಕ್ಕೆ ಹೊಂದಿಸಿ ಒಂದು ಹಾಡು ಮಾಡಿದಳು.

ಇದಕ್ಕೂ ಒಂದು ಕೊರತೆ ಐತಿ. ಹೆಸರು ಬರೀ ಪಲ್ಲವಿ, ನುಡಿ ಎಲ್ಲಿ? ಬ್ರಿಯೋನಾ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ವಿಭಾಗದಾಗ ದುಡಿಯುವ 26 ವರ್ಷದ ಹುಡುಗಿ. 2020ರ ಮಾರ್ಚ್ 13ರ ನಡುರಾತ್ರಿ ಪೊಲೀಸರು ಲೂಯಿವಿಲ್ ಊರಿನ ಆಕೆಯ ಮನೆ ಬಾಗಿಲು ಒಡೆದು ಒಳಗ ಬಂದರು. ಒಳಗಿದ್ದ ಆಕೆಯ ಗೆಳೆಯ ಕಳ್ಳರೆಂದು ತಿಳಿದು ಒಂದು ಗುಂಡು ಹಾರಿಸಿದ. ಪೊಲೀಸರು ತಿರುಗಿ ಹೊಡೆದ ಗುಂಡಿಗೆ ಸತ್ತವಳು ಆಕೆ. ಇಷ್ಟು ಹೇಳದಿದ್ದರೆ ಹತ್ತು ವರ್ಷಕ್ಕ ಆ ಹೆಸರು ಬರೀ ಸಪ್ಪಳ ಆಗತೈತಿ. 1857ರ ಹಲಗಲಿ ಬೇಡರ ಹೆಸರು ನಮಗೆ ಇನ್ನೂ ಗೊತ್ತಿದ್ದದ್ದು ಲಾವಣಿ ಅವರ ಕತಿ ಹೇಳಿದ್ದಕ್ಕ, ಬರೀ ಹೆಸರು ಕೂಗಿದ್ದಕ್ಕಲ್ಲ.

ಶಾಲಿ ಮಾಸ್ತರರಿಗೆ ನನ್ನದೊಂದು ಮಾತು. ಮಕ್ಕಳಿಗೆ ಇಂಥ ಘೋಷಣೆ ಓದಿಸಿದರೆ, ಹೆಸರಿನ ಸಂಗಾಟ ಆ ಮನುಷ್ಯ ಏನು ದುಡೀತಿದ್ದ, ಹೆಂಗ ಸತ್ತ ಅಂತಲೂ ಹೇಳ್ರಿ. ಗೊತ್ತಿದ್ದಷ್ಟೇ ಹೇಳ್ರಿ, ಒಂದು ಅಕ್ಷರವನ್ನೂ ಕೂಡಿಸಬ್ಯಾಡ್ರಿ. ತಪ್ಪು ಹಾಡಿದರೆ ಸತ್ತವರು ಎದ್ದು ಬಂದು ತಿದ್ದೂದಿಲ್ಲ.