ಜನವರಿ ಒಂದರ ಹುಟ್ಟುಹಬ್ಬ ಯಾರಿಗೆ ಅನುಕೂಲ?

ಉತ್ತರ ಗೋಳಾರ್ಧದಲ್ಲಿ ಥರೋಬ್ರೆಡ್ ಕುದುರೆ ಯಾವತ್ತು ಹುಟ್ಟಿದರೂ ರೇಸಿನ ಲೆಕ್ಕದಲ್ಲಿ ಅದಕ್ಕೆ ವಯಸ್ಸು ಏರುವುದು ಜನವರಿ 1ಕ್ಕೆ. ಎಲ್ಲಕ್ಕೂ ಒಂದೇ ನಿಯಮ, ಹಾಗಾಗಿ ಅನ್ಯಾಯವಿಲ್ಲ ಎಂಬ ಮಾತಿದೆ. ಅದಕ್ಕೆ ನಾರ್ದರ್ನ್ ಡ್ಯಾನ್ಸರ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. 1961ರ ಮೇ 27ರಂದು ಹುಟ್ಟಿದ ಆ ಕುದುರೆ, ಮೂರು ವರ್ಷದವಕ್ಕೇ ಮೀಸಲಾದ ಕೆಂಟಕಿ ಡರ್ಬಿಯನ್ನು 1964ರ ಮೇ 2ರಂದು, ನಿಜವಾಗಿ ಮೂರು ತುಂಬುವ ಮೊದಲೇ, ಸರಿಯಾಗಿ ಎರಡು ನಿಮಿಷದಲ್ಲಿ ಓಡಿ ಗೆದ್ದಿತು.

ಅದರ ಹಿಂದಿನ ಕತೆಯನ್ನೂ ನೋಡಬೇಕು. ವರ್ಷದ ಮರಿಯಾಗಿದ್ದಾಗ ಮಾಲೀಕ ಇ.ಪಿ. ಟೇಲರ್ 25,000 ಡಾಲರ್ ಬೆಲೆ ಹೇಳಿದರೂ ಯಾರೂ ಕೊಳ್ಳಲಿಲ್ಲ. ಮರಿ ಗಿಡ್ಡ ಎಂಬುದೇ ಕಾರಣ. ಬೆಳೆದ ಮೇಲೂ ಅದು ಎತ್ತರದ ಕುದುರೆಯಾಗಲಿಲ್ಲ, ನಿಜ. ಆದರೆ ಜನವರಿಯ ಮರಿಯ ಪಕ್ಕ ಮೇ ತಿಂಗಳ ಮರಿಯನ್ನು ನಿಲ್ಲಿಸಿ ಬೆಲೆ ಕಟ್ಟಿದರೆ ನಷ್ಟ ಯಾರಿಗೆ? ಎಲ್ಲ ಮರಿಗೂ ಒಬ್ಬ ಟೇಲರ್ ಸಿಗುವುದಿಲ್ಲ.

ತಿಂಗಳುಗಳ ಅಂತರ ಲೆಕ್ಕಕ್ಕಿಲ್ಲ ಎನ್ನಲು ರೇಸ್ ಸಂಸ್ಥೆಗಳಿಗೆ ಬಾಯಿಲ್ಲ. 19ನೇ ಶತಮಾನದಲ್ಲಿ ಅಡ್ಮಿರಲ್ ರೂಸ್ ರೂಪಿಸಿದ, ವಯಸ್ಸಿಗೆ ತಕ್ಕ ಭಾರದ ಪಟ್ಟಿಯ ಪ್ರಕಾರ, ಹಿರಿಯ ಕುದುರೆಗಳ ಜೊತೆ ಓಡುವ ಮೂರು ವರ್ಷದವಕ್ಕೆ ಭಾರದಲ್ಲಿ ರಿಯಾಯಿತಿ ಉಂಟು. ತಿಂಗಳು ಕಳೆದಂತೆ ಅದು ಇಳಿಯುತ್ತದೆ. ತಿಂಗಳಿಗೂ ಬೆಲೆಯಿದೆ ಎಂದು ಒಪ್ಪಿದಂತಾಯಿತಲ್ಲ! ಆದರೆ ಡರ್ಬಿಯಲ್ಲಿ ಜನವರಿಯ ಗಂಡೂ ಮೇ ತಿಂಗಳ ಗಂಡೂ ಹೊರುವುದು ಅದೇ 126 ಪೌಂಡ್. 2013ರಿಂದ ಅಲ್ಲಿನ 20 ಸ್ಥಾನಗಳಿಗೆ ಅಂಕ ಗಳಿಸಬೇಕು. ದೊಡ್ಡ ಅಂಕಗಳಿರುವುದು ಮಾರ್ಚ್, ಏಪ್ರಿಲ್‌ನ ರೇಸುಗಳಲ್ಲಿ. ಎಳೆಯದಕ್ಕೆ ಬಲಿಯಲು ಪುರಸೊತ್ತೆಲ್ಲಿ?

ತಾಯಿಗೂ ಕಷ್ಟ ತಪ್ಪಿಲ್ಲ. ಹೆಣ್ಣು ಕುದುರೆ ಬೆದೆಗೆ ಬರುವುದು ಹಗಲು ಉದ್ದವಾದಾಗ, ಗಬ್ಬ ಸುಮಾರು ಹನ್ನೊಂದು ತಿಂಗಳು. ವರ್ಷದ ಆರಂಭದಲ್ಲೇ ಮರಿ ಹಾಕಲೆಂದು ಚಳಿಗಾಲದ ಲಾಯದಲ್ಲಿ ದೀಪ ಉರಿಸಿ, ಹದಿನಾರು ಗಂಟೆ ಬೆಳಕು ಕೊಟ್ಟು ಬೆದೆಯನ್ನು ಮುಂಚಿತವಾಗಿ ಬರಿಸುತ್ತಾರೆ. ಹೊರಗೆ ಹುಲ್ಲು ಚಿಗುರುವ ಮೊದಲೇ ಮರಿ ಹುಟ್ಟಿರುತ್ತದೆ.

ಮುಂಬೈನ ಮಹಾಲಕ್ಷ್ಮಿಯಲ್ಲಿ ಫೆಬ್ರುವರಿಗೆ ನಡೆಯುವ ನಮ್ಮ ಇಂಡಿಯನ್ ಡರ್ಬಿ ನಾಲ್ಕು ವರ್ಷದವಕ್ಕೆ. ಅಲ್ಲೂ ಏಪ್ರಿಲ್ ಮರಿಗೆ ನಾಲ್ಕು ತುಂಬಿರುವುದಿಲ್ಲ. ಆದರೆ ಕೆಂಟಕಿಗಿಂತ ಹೆಚ್ಚು ತಿಂಗಳು ಬೆಳೆದಿರುವುದರಿಂದ ಅಂತರ ಅಷ್ಟು ಬಾಧಿಸದು.

ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ ಕಾಲಕ್ಕೆ ಒಂದೇ ತಾರೀಖು ಅನುಕೂಲವಿತ್ತು. ಈಗ ಹುಟ್ಟಿದ ದಿನ ದಾಖಲೆಯಲ್ಲಿದೆ, ಡಿಎನ್‌ಎ ಪರೀಕ್ಷೆಯಿದೆ, ಮೈಯೊಳಗೆ ಚಿಪ್ ಇದೆ. ಏಪ್ರಿಲ್, ಮೇ ತಿಂಗಳ ಮರಿಗಳಿಗೆ ಕೆಂಟಕಿ ಡರ್ಬಿಯಲ್ಲಿ ಎರಡು ಮೂರು ಪೌಂಡ್ ಇಳಿಸಬೇಕು. ಹೆಣ್ಣಿಗೆ 5 ಪೌಂಡ್ ಬಿಡುವ ರೇಸಿಗೆ ಇದೇನೂ ಆಗದ ಕೆಲಸವಲ್ಲ.