ಚೆಕಾಫನ ಬೂಟುಗಳು

ಹೋದ ತಿಂಗಳು ಮಿತ್ರರೊಬ್ಬರು ನನ್ನಿಂದ ಎರವಲು ಒಯ್ದಿದ್ದ ಪುಸ್ತಕವನ್ನು ಹಿಂದಿರುಗಿಸಲು ಬಂದರು. ಕಾಫಿ ಕುಡಿಯುವವರೆಗೂ ಅದರ ಸುದ್ದಿ ಎತ್ತಲಿಲ್ಲ. ಲೋಟ ಕೆಳಗಿಟ್ಟ ಮೇಲೆ, “ಏನು ಸ್ವಾಮಿ, ಇದೂ ಒಂದು ಪ್ರವಾಸ ಕಥನವೇ? ಪುಟಪುಟಕ್ಕೂ ಕೆಸರು, ಹಸಿವು, ಬೂಟು. ಸೈಬೀರಿಯದಂಥ ಸೈಬೀರಿಯಕ್ಕೆ ಹೋದ ಮನುಷ್ಯ ಕಾಲುನೋವಿನ ಕಥೆ ಹೇಳುತ್ತಾನಲ್ಲ! ಕಾಡೆಲ್ಲಿ?” ಎಂದರು.

ಅವರು ಓದಿದ್ದು ಆಂಟನ್ ಚೆಕಾಫ್ 1890ರಲ್ಲಿ ಸೈಬೀರಿಯದ ದಾರಿಯಿಂದ ಬರೆದ ಒಂಬತ್ತು ಲೇಖನಗಳನ್ನು ಮತ್ತು ಅದೇ ದಾರಿಯಿಂದ ಮನೆಯವರಿಗೆ ಹಾಕಿದ ಕಾಗದಗಳನ್ನು. ಅವರಿಗೆ ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಏಕೆಂದರೆ, ಬಹಳ ವರ್ಷಗಳ ಹಿಂದೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಕಾನ್‌ಸ್ಟನ್ಸ್ ಗಾರ್ನೆಟ್ ಮಾಡಿದ ಪತ್ರಗಳ ಇಂಗ್ಲಿಷ್ ಅನುವಾದವನ್ನು ಕೊಂಡುತಂದು ಮೊದಲ ಸಲ ಓದಿದಾಗ ನನಗೆ ಅನ್ನಿಸಿದ್ದೂ ಹೆಚ್ಚುಕಡಿಮೆ ಅದೇ. ಈಗ ಹಾಗೆ ಅನ್ನಿಸುವುದಿಲ್ಲ. ಏಕೆ ಎಂಬುದನ್ನು ಹೇಳಲು ಈ ಲೇಖನ.

ಮೊದಲು ಆ ಪ್ರವಾಸದ ವಿಚಾರ. 1890ರ ಏಪ್ರಿಲ್ 21ರಂದು, ಆಗಿನ ರಷ್ಯದ ಹಳೆಯ ಪಂಚಾಂಗದ ಲೆಕ್ಕದಲ್ಲಿ, ಚೆಕಾಫ್ ಮಾಸ್ಕೋ ಬಿಟ್ಟ. ಅವನ ವಯಸ್ಸು ಮೂವತ್ತು. ಎರಡು ವರ್ಷದ ಹಿಂದೆ ಪುಷ್ಕಿನ್ ಬಹುಮಾನ ಬಂದಿತ್ತು, ಕಥೆಗಾರನೆಂದು ಹೆಸರಾಗಿತ್ತು. ಹಿಂದಿನ ವರ್ಷ ಅಣ್ಣ ನಿಕೊಲಾಯ್ ಕ್ಷಯದಿಂದ ತೀರಿಕೊಂಡಿದ್ದ. ಇವನಿಗೂ 1884ರಿಂದ ಆಗಾಗ ಕೆಮ್ಮಿನಲ್ಲಿ ರಕ್ತ ಕಾಣಿಸುತ್ತಿತ್ತು, ತಾನೇ ವೈದ್ಯನಾದ್ದರಿಂದ ಅದರ ಅರ್ಥ ಅವನಿಗೆ ತಿಳಿಯದ್ದಲ್ಲ. ಇಂಥವನು ಹೊರಟದ್ದು ಏಷ್ಯದ ಪೂರ್ವದ ತುದಿಯಾಚೆ ಇರುವ ಸಖಾಲಿನ್ ದ್ವೀಪಕ್ಕೆ, ರಷ್ಯದ ಚಕ್ರವರ್ತಿ ಕೈದಿಗಳನ್ನು ಕಳುಹಿಸುತ್ತಿದ್ದ ಜಾಗಕ್ಕೆ. ಯಾರೂ ಹೋಗೆಂದು ಹೇಳಿರಲಿಲ್ಲ. ಕೈಯಲ್ಲಿದ್ದುದು ಒಂದು ಪತ್ರಿಕೆಯ ಬಾತ್ಮೀದಾರನೆಂಬ ಚೀಟಿ ಮಾತ್ರ.

ವೋಲ್ಗ, ಕಾಮ ನದಿಗಳ ಮೇಲೆ ಹಡಗು, ಆಮೇಲೆ ತ್ಯುಮೆನ್ ಊರಿನವರೆಗೆ ರೈಲು. ಅಲ್ಲಿಗೆ ರೈಲು ಮುಗಿಯಿತು. ಸೈಬೀರಿಯವನ್ನು ದಾಟುವ ಮಹಾ ರೈಲುಮಾರ್ಗದ ಕೆಲಸ ಆರಂಭವಾದದ್ದು ಮರುವರ್ಷ, 1891ರಲ್ಲಿ. ಹಾಗಾಗಿ ಮೇ 3ರಿಂದ ಜೂನ್ 20ರವರೆಗೆ, ಏಳು ವಾರ, ಸುಮಾರು 4,000 ವೆರ್ಸ್ಟ್ ದೂರವನ್ನು ಅವನು ಕುದುರೆಗಾಡಿಯಲ್ಲೇ ಕಳೆಯಬೇಕಾಯಿತು. ವೆರ್ಸ್ಟ್ ಎಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಇಶಿಮ್, ತೋಮ್‌ಸ್ಕ್, ಕ್ರಾಸ್ನೊಯಾರ್‌ಸ್ಕ್, ಇರ್ಕುತ್‌ಸ್ಕ್. ಬೈಕಲ್ ಸರೋವರವನ್ನು ಹಡಗಿನಲ್ಲಿ ದಾಟಿ ಮತ್ತೆ ಗಾಡಿ. ಕೊನೆಗೆ ಶಿಲ್ಕ ನದಿಯ ದಡದ ಸ್ರೆತೆನ್‌ಸ್ಕ್‌ನಲ್ಲಿ ಹಡಗು ಹೊರಡುವ ಹೊತ್ತಿಗೆ ಸರಿಯಾಗಿ ಮುಟ್ಟಿದ. ಅಲ್ಲಿಂದ ಆಮೂರ್ ನದಿಯ ಮೇಲೆ ಸಮುದ್ರದವರೆಗೆ.

ಈಗ ಒಂದು ಸೋಜಿಗ. ಈ ಪ್ರವಾಸದಿಂದ ಹುಟ್ಟಿದ ದೊಡ್ಡ ಗ್ರಂಥ, 1895ರಲ್ಲಿ ಪುಸ್ತಕವಾಗಿ ಬಂದ ‘ಸಖಾಲಿನ್ ದ್ವೀಪ’, ಆರಂಭವಾಗುವುದೇ ಜುಲೈ 5ರಂದು ನಿಕೊಲಾಯೆವ್‌ಸ್ಕ್ ಬಂದರಿಗೆ ಹಡಗು ಮುಟ್ಟುವಲ್ಲಿಂದ. ಇಡೀ ದಾರಿ ಅದರಲ್ಲಿಲ್ಲ. ನಮ್ಮಲ್ಲಿ ಯಾರಾದರೂ ಇಷ್ಟು ಕಷ್ಟಪಟ್ಟು ಹೋಗಿದ್ದರೆ ಮೊದಲ ಇನ್ನೂರು ಪುಟ ಕಷ್ಟಕ್ಕೇ ಮೀಸಲಾಗುತ್ತಿತ್ತು! ಚೆಕಾಫ್ ಅದನ್ನು ಪತ್ರಿಕೆಯ ಪಾಲಿಗೆ ಬಿಟ್ಟ. ದಾರಿಯಲ್ಲಿ ಬರೆದ ಒಂಬತ್ತು ತುಣುಕುಗಳು ‘ನೋವೊಯೆ ವ್ರೇಮ್ಯ’ ಎಂಬ ದಿನಪತ್ರಿಕೆಯಲ್ಲಿ ಆ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಅಚ್ಚಾದವು. ಮಿತ್ರರು ಸಿಟ್ಟಾದದ್ದು ಇವುಗಳ ಮೇಲೆ.

ಬೂಟಿನ ದೂರು ಇರುವುದು ಕಾಗದಗಳಲ್ಲಿ. ಕೊಂಡ ಬೂಟು ಕಾಲಿಗೆ ಬಿಗಿಯಾಗಿ, ದಾರಿಯಲ್ಲಿ ನಿಂತು ಅದನ್ನು ಕಳಚಿ, ಕಾಲಿಗೆ ವಿಶ್ರಾಂತಿ ಕೊಟ್ಟು, ಕೊನೆಗೆ ಉಣ್ಣೆಯ ಬೂಟು ಕೊಂಡು, ಅದು ಕೆಸರಿನಲ್ಲಿ ನೆನೆದು ನಾರಿ—ಇದೆಲ್ಲ ತಾಯಿಗೆ, ತಂಗಿಗೆ ನಗುನಗುತ್ತ ಬರೆದದ್ದು. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರು ಒಂದು ಮಾತು ನೆನೆಯಬೇಕು. ಮೇ ತಿಂಗಳಾದರೂ ಗಿಡದಲ್ಲಿ ಎಲೆ ಚಿಗುರದ ನಾಡು ಅದು. ಇರ್ತಿಶ್ ನದಿ ಉಕ್ಕಿ ಹೊಲ, ದಾರಿ, ಸೇತುವೆ ಎಲ್ಲ ಒಂದೇ ನೀರಾಗಿತ್ತು. ಗಾಡಿಯಿಂದಿಳಿದು, ಮುಂದೆ ನಡೆದು, ನೀರಿನ ಆಳ ನೋಡಿಕೊಂಡು ಕುದುರೆ ಹೊಡೆಯಬೇಕು. ಇಂಥ ಕಡೆ ಬೂಟಿನ ಕಥೆಯೇ ದಾರಿಯ ಕಥೆ. ತಣ್ಣನೆಯ ನೀರು ಮೊಣಕಾಲು ಮುಟ್ಟಿದವನಿಗೆ ‘ಅಗಾಧ’, ‘ಅನಂತ’ ಎಂಬ ಶಬ್ದಗಳು ಬೇಗ ಹೊಳೆಯುವುದಿಲ್ಲ.

ಒಂದು ಪ್ರಸಂಗವನ್ನು ಕಾಗದದಲ್ಲೂ ಲೇಖನದಲ್ಲೂ ಒಟ್ಟಿಗೆ ಓದಿದರೆ ಅವನ ಕೈವಾಡ ತಿಳಿಯುತ್ತದೆ. ಬೆಳಗಿನ ಜಾವ, ಕೊರೆಯುವ ಚಳಿ, ಬಯಲಿನಲ್ಲಿ ಒಣಹುಲ್ಲು ಅಲ್ಲಲ್ಲಿ ಉರಿಯುತ್ತಿದೆ. ಎದುರಿಂದ ಮೂರು ಕುದುರೆಯ ಅಂಚೆಗಾಡಿಗಳು ಓಡೋಡಿ ಬರುತ್ತಿವೆ. ಒಂದು ತಪ್ಪಿಸಿಕೊಂಡು ಹೋಯಿತು. ಎರಡನೆಯದು ಇವನ ಗಾಡಿಗೆ ಬಡಿಯಿತು. ಚೆಕಾಫ್ ನೆಲಕ್ಕೆ ಬಿದ್ದ, ಮೇಲೆ ಅವನ ಪೆಟ್ಟಿಗೆ ಗಂಟುಗಳು ಬಿದ್ದವು. ಎದ್ದು ನೋಡಿದರೆ ಮೂರನೆಯ ಗಾಡಿ ಬರುತ್ತಿದೆ. ನಿಲ್ಲಿ ಎಂದು ಕೂಗಿದರೂ ಅದು ನಿಲ್ಲದೆ ಆ ರಾಶಿಗೇ ನುಗ್ಗಿತು. ಮುರಿದ ಮೂಕಿ, ಹರಿದ ಹಗ್ಗ, ಚೆಲ್ಲಾಪಿಲ್ಲಿಯಾದ ಅಂಚೆಚೀಲ. ಆಮೇಲೆ ಗಾಡಿಯವರ ಬೈಗುಳ. ಆ ಬೈಗುಳದ ನಡುವೆ ತನಗಾದ ಒಂಟಿತನವನ್ನು ಅವನು ಮನೆಯವರಿಗೆ ಬಾಯಿಬಿಟ್ಟು ಹೇಳುತ್ತಾನೆ. ಪತ್ರಿಕೆಯ ವಾಚಕರ ಮುಂದೆ ಗಾಡಿಗಳನ್ನು, ಕುದುರೆಗಳನ್ನು, ಮಾತಿನ ಹೊಲಸನ್ನು ಮುಂದಕ್ಕೆ ತಂದು ತಾನು ಹಿಂದೆ ಸರಿಯುತ್ತಾನೆ. ಸತ್ತೇ ಹೋಗಬಹುದಾಗಿದ್ದವನು ತನ್ನ ಭಯವನ್ನು ಮಾರಾಟಕ್ಕಿಡಲಿಲ್ಲ. ನನ್ನ ಲೆಕ್ಕದಲ್ಲಿ ಒಂಬತ್ತು ಲೇಖನಗಳಲ್ಲಿ ಅತ್ಯುತ್ತಮವಾದ ಪುಟಗಳು ಇವು.

ಇನ್ನು ದಾರಿಯ ಜನ. ಗಾಡಿಯ ಪಕ್ಕದಲ್ಲಿ ಕಾಲೆಳೆಯುತ್ತ ಹೊಸ ನೆಲ ಹುಡುಕಿ ಹೊರಟ ರೈತ ಕುಟುಂಬಗಳು. ಸರಪಳಿಯ ಸದ್ದು ಮಾಡುತ್ತ ನಡೆಯುವ ಕೈದಿಗಳು, ಅವರ ಅಕ್ಕಪಕ್ಕ ಬಂದೂಕಿನ ಸಿಪಾಯಿಗಳು. ತಂಗಿದ ಒಂದು ಮನೆಯಲ್ಲಿ, ಯಾರೋ ದಾರಿಹೋಕಳು ಬಿಟ್ಟುಹೋದ ಮಗುವನ್ನು ಸಾಕುತ್ತಿರುವ ಹೆಂಗಸು. ತಾಯಿ ಯಾವಾಗ ಬಂದು ಕೇಳುವಳೋ ಎಂಬುದೇ ಅವಳ ಚಿಂತೆ. ಈ ಕಥೆಯನ್ನು ನಮ್ಮ ಕಾದಂಬರಿಕಾರರ ಕೈಗೆ ಕೊಟ್ಟಿದ್ದರೆ ಮುನ್ನೂರು ಪುಟವಾಗುತ್ತಿತ್ತು. ಚೆಕಾಫ್ ಅರ್ಧ ಪುಟದಲ್ಲಿ ಹೇಳಿ, ಕುದುರೆ ಬದಲಾಯಿಸಿಕೊಂಡು ಹೊರಟುಬಿಡುತ್ತಾನೆ. ದಾರಿಯವನಿಗೆ ಅಷ್ಟೇ ತಿಳಿಯಲು ಸಾಧ್ಯ. ತಿಳಿದದ್ದಕ್ಕಿಂತ ಹೆಚ್ಚು ಹೇಳಲು ಅವನು ಒಪ್ಪುವುದಿಲ್ಲ. ಆದರೆ ಆಯುಷ್ಯಪೂರ್ತಿ ಗಡೀಪಾರು ಮಾಡುವ ಶಿಕ್ಷೆಯ ಮಾತು ಬಂದಾಗ ಅವನ ದನಿ ಏರುತ್ತದೆ. ಮರಣದಂಡನೆಯ ಬದಲಿಗೆ ಬಂದ ಈ ಶಿಕ್ಷೆ ದಯೆಯಿಂದ ಹುಟ್ಟಿದ್ದೆಂದು ಬೀಗುವವರಿಗೆ, ಹಿಂದಿರುಗುವ ಆಸೆಯನ್ನೇ ಕಿತ್ತುಕೊಳ್ಳುವುದು ಎಂಥ ದಯೆ ಎಂದು ಕೇಳುತ್ತಾನೆ. ಕಾನೂನು ಪಂಡಿತರ ಲೇಖನದಲ್ಲಿ ಇದೇ ವಾದ ನಮಗೆ ಇಷ್ಟು ನಾಟದು. ಇಲ್ಲಿ ಸರಪಳಿಯ ಸದ್ದು ಕೇಳಿಸಿಕೊಂಡು ಬಂದಿದ್ದೇವೆ.

ಕಾಡೆಲ್ಲಿ ಎಂದರಲ್ಲ ಮಿತ್ರರು, ಕಾಡು ಕೊನೆಯ ಲೇಖನದಲ್ಲಿದೆ. ತೋಮ್‌ಸ್ಕ್‌ನಿಂದ ಕ್ರಾಸ್ನೊಯಾರ್‌ಸ್ಕ್‌ವರೆಗಿನ ದಾರಿ ಇಡೀ ಪ್ರವಾಸದಲ್ಲೇ ಕೆಟ್ಟದ್ದು. ಅದರಲ್ಲೂ ಕೊಝುಲ್ಕಾ ಎಂಬ ಹೆಸರು ಕೇಳಿದರೆ ಗಾಡಿಯವರು ನಡುಗುತ್ತಿದ್ದರು. ತೋಮ್‌ಸ್ಕ್‌ನಲ್ಲಿ ಸ್ವಂತಕ್ಕೆ ಕೊಂಡ ಗಾಡಿ ಆ ದಾರಿಯಲ್ಲಿ ಮತ್ತೆ ಮತ್ತೆ ಮುರಿಯಿತು. ಅದೆಲ್ಲ ಕಳೆದು ಯೆನಿಸೇ ನದಿಯ ದಡ ಮುಟ್ಟಿದಾಗ ಅವನ ಬಾಯಿಂದ ಮೊದಲ ಸಲ ಹೊಗಳಿಕೆ ಬರುತ್ತದೆ. ನದಿಯ ಆಚೆ ಟೈಗಾ. ಅವನಿಗೆ ಅದರ ಮರಗಳ ಎತ್ತರ ದೊಡ್ಡದಾಗಿ ಕಾಣುವುದಿಲ್ಲ, ಅದರ ಮೌನವೂ ಅಲ್ಲ. ಎಲ್ಲಿ ಮುಗಿಯುತ್ತದೆಂದು ಯಾರಿಗೂ ತಿಳಿಯದಿರುವುದೇ ಅದರ ಬಲ ಎನ್ನುತ್ತಾನೆ. ಎಂಟು ಲೇಖನ ಕೆಸರು ತುಳಿದ ವಾಚಕ ಈ ಮಾತನ್ನು ನಂಬುತ್ತಾನೆ. ಮೊದಲ ಪುಟದಲ್ಲೇ ಹೇಳಿದ್ದರೆ ನಂಬುತ್ತಿರಲಿಲ್ಲ.

ಹಾಗೆಂದು ಎಲ್ಲವನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. ಚೆಕಾಫ್ ಅವಸರದ ತೀರ್ಪುಗಾರ. ಸೈಬೀರಿಯದ ಹೆಂಗಸರಲ್ಲಿ ಕಳೆಯಿಲ್ಲವೆಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಅಡುಗೆ ಕೆಟ್ಟದ್ದೆಂದ ಮಾತನ್ನು ಹಸಿದವನದೆಂದು ಕ್ಷಮಿಸಬಹುದು, ಇದನ್ನು ಕ್ಷಮಿಸಲಾಗದು. ರಷ್ಯನ್ನರು ಬರುವ ಮೊದಲೇ ಆ ನಾಡಿನಲ್ಲಿದ್ದ ಜನಾಂಗಗಳು ಈ ದಾರಿಯ ಲೇಖನಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸಖಾಲಿನ್ ಪುಸ್ತಕದಲ್ಲಿ ಗಿಲ್ಯಾಕರಿಗೆ ಕೊಟ್ಟ ಗಮನವನ್ನು ಇಲ್ಲಿ ಯಾರಿಗೂ ಕೊಟ್ಟಿಲ್ಲ. ತೋಮ್‌ಸ್ಕ್ ಊರನ್ನಂತೂ ಬೇಸರದ ಊರೆಂದು ಜರೆದ. ಆ ಊರಿನವರು ಮರೆಯಲಿಲ್ಲ. 2004ರಲ್ಲಿ, ಊರಿಗೆ ನಾನೂರು ವರ್ಷ ತುಂಬಿದಾಗ, ನದಿಯ ದಡದಲ್ಲಿ ಅವನದೊಂದು ಕಂಚಿನ ಪ್ರತಿಮೆ ನಿಲ್ಲಿಸಿದರು: ಚರಂಡಿಯಲ್ಲಿ ಬಿದ್ದ ಕುಡುಕನ ಕಣ್ಣಿಗೆ ಕಂಡ ಚೆಕಾಫ್! ಕೋಟು, ಟೋಪಿ, ಕೊಡೆ ಎಲ್ಲ ಇವೆ. ಆದರೆ ಪಾದಗಳು ಬರಿಯವು, ವಿಪರೀತ ದೊಡ್ಡವು. ಬೂಟಿನ ಕಾಗದಗಳನ್ನು ಬಲ್ಲವನಿಗೆ ಆ ಬರಿಗಾಲು ಸೊಗಸಾದ ವಿಮರ್ಶೆಯಾಗಿಯೇ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಮಾತೊಂದನ್ನು ಮುಚ್ಚಿಡುವುದು ಸರಿಯಲ್ಲ. ಹಲವು ವರ್ಷಗಳ ಹಿಂದೆ ನಾನೂ ಉತ್ತರದ ಒಂದು ದಾರಿಯಲ್ಲಿ ಹೋಗಿದ್ದೆ, ಮನಾಲಿಯಿಂದ ಲೇಹ್‌ಗೆ, ಬಾಡಿಗೆ ಜೀಪಿನಲ್ಲಿ ಎರಡು ದಿನ. ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುವ ದಾರಿ. ಹುಲ್ಲುಕಡ್ಡಿಯೂ ಕಾಣದ ಬೆಟ್ಟಗಳು. ಹದಿನಾರು ಸಾವಿರ ಅಡಿ ದಾಟಿದ ಕಣಿವೆದಾರಿಗಳು. ಬಂದವನೇ ಪತ್ರಿಕೆಯೊಂದಕ್ಕೆ ಲೇಖನಮಾಲೆ ಬರೆದೆ. ಜನ ಮೆಚ್ಚಿ ಕಾಗದ ಬರೆದರು. ಮೊನ್ನೆ ಮಿತ್ರರು ಹೋದ ಮೇಲೆ, ಹಳೆಯ ಕಡತದಿಂದ ಆ ತುಣುಕುಗಳನ್ನು ತೆಗೆದು ಓದಿದೆ. ಹಿಮ, ನೀಲಿ, ಮೌನ, ನನ್ನ ಉಸಿರಾಟ, ನನ್ನ ತಲೆನೋವು, ನನ್ನ ಧನ್ಯತೆ. ದಾರಿಯುದ್ದಕ್ಕೂ ಡಾಂಬರಿನ ಪೀಪಾಯಿಗಳ ಕೆಳಗೆ ಬೆಂಕಿಯಿಟ್ಟುಕೊಂಡು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜಲ್ಲಿ ಹರಡುತ್ತಿದ್ದ ಜನರ ವಿಷಯ ಒಂದು ಅಕ್ಷರವೂ ಇಲ್ಲ. ಅವರು ಝಾರ್ಖಂಡದ ಕಡೆಯವರು, ಬೇಸಿಗೆಗೆ ಬಂದು ಚಳಿಗೆ ಹಿಂದಿರುಗುವವರು ಎಂದು ಜೀಪಿನ ಚಾಲಕ ಹೇಳಿದ್ದು ನೆನಪಿದೆ. ಒಂದು ಕಡೆ ಜೀಪು ನಿಂತಾಗ ಹದಿನೆಂಟೋ ಇಪ್ಪತ್ತೋ ವರ್ಷದ ಹುಡುಗ ಹತ್ತಿರ ಬಂದು ಗಂಟೆ ಎಷ್ಟೆಂದು ಕೇಳಿದ. ಹೇಳಿದೆ. ಅವನು ತಲೆಯಾಡಿಸಿ ಪೀಪಾಯಿಯ ಕಡೆ ನಡೆದ. ಅವನ ಕಾಲಲ್ಲಿದ್ದುದು ರಬ್ಬರಿನ ಬೂಟು. ಒಂದಕ್ಕೆ ತಂತಿ ಸುತ್ತಿತ್ತು. ಇದು ನೆನಪಿನಲ್ಲಿ ಉಳಿದು ಬರಹದಲ್ಲಿ ಹೇಗೆ ಬಿಟ್ಟುಹೋಯಿತು ಎಂದರೆ, ಆಗ ನಾನು ಅದನ್ನು ‘ಪ್ರವಾಸ’ದ ಭಾಗವೆಂದು ತಿಳಿಯಲಿಲ್ಲ. ಅಷ್ಟೇ.

ನನ್ನೊಬ್ಬನ ದೋಷವನ್ನು ಕನ್ನಡಕ್ಕೆಲ್ಲ ಹೊರಿಸುವುದು ಬೇಡ. ಹಂಪೆಗೆ ಹೋಗಿಬಂದ ವಿ. ಸೀ. ಅವರ ‘ಪಂಪಾಯಾತ್ರೆ’ ಇರುವ ಭಾಷೆ ಇದು. ಆದರೂ ಈಚೆಗೆ ನನ್ನ ಕೈಗೆ ಬರುತ್ತಿರುವ ಪ್ರವಾಸ ಪುಸ್ತಕಗಳಲ್ಲಿ ಹೋಟೆಲಿನ ತಿಂಡಿಯ ಪಟ್ಟಿ ಇರುತ್ತದೆ, ಅದನ್ನು ತಂದಿಟ್ಟವನು ಇರುವುದಿಲ್ಲ.

ಈ ಒಂಬತ್ತು ಲೇಖನಗಳನ್ನು ಕನ್ನಡಕ್ಕೆ ತಂದರೆ ನಲವತ್ತು ಐವತ್ತು ಪುಟದ ಸಣ್ಣ ಪುಸ್ತಕವಾದೀತು. ಮಿತ್ರರಿಗೆ ಮೊನ್ನೆ ಹಾಗೆಂದು ಕಾಗದ ಬರೆದೆ. ಅವರ ಇಂಗ್ಲಿಷೂ ಚೆನ್ನ, ಕನ್ನಡವೂ ಚೆನ್ನ, ನಿವೃತ್ತಿಯ ಬಿಡುವೂ ಇದೆ. ಮರುಟಪಾಲಿನಲ್ಲೇ ತಕರಾರು ಬಂತು. ಚೆಕಾಫ್ ಕುಳಿತದ್ದು ‘ತರಂತಾಸ್’ ಎಂಬ ಗಾಡಿಯಲ್ಲಿ: ನಾಲ್ಕು ಚಕ್ರ, ಸ್ಪ್ರಿಂಗ್ ಇಲ್ಲ, ಉದ್ದನೆಯ ಮರದ ಬೊಡ್ಡೆಗಳ ಮೇಲೆ ಕೂರಿಸಿದ ತೊಟ್ಟಿ, ಕುಲುಕಿದರೆ ಹೊಟ್ಟೆಯ ಕರುಳು ಬಾಯಿಗೆ. ‘ಜಟಕಾ’ ಎಂದರೆ ಎರಡು ಚಕ್ರ. ‘ಸಾರೋಟು’ ಎಂದರೆ ಅರಮನೆಯ ನೆನಪು. ‘ಬಂಡಿ’ ಎಂದರೆ ಎತ್ತು ಬಂದು ನಿಲ್ಲುತ್ತದೆ. “ಯಾವುದನ್ನು ಹಾಕಲಿ, ಸ್ವಾಮಿ?” ಎಂದು ಕೇಳಿದ್ದಾರೆ. ತರಂತಾಸ್ ಎಂದೇ ಇರಲಿ, ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿಬಿಡಿ ಎಂದು ಉತ್ತರಿಸಿದ್ದೇನೆ.